ವಾರಗಿತ್ತಿಯ ಕಾರಿಗೊಂದು ಚಕ್ರ

ಹೊಟ್ಟೆಕಿಚ್ಚು ಎಂಬ ಮಾತನ್ನು ಯಾರು ಕಟ್ಟಿದರೋ, ಅನುಭವಸ್ಥರೇ ಇರಬೇಕು. ಅದು ನಿಜಕ್ಕೂ ಹೊಟ್ಟೆಯಲ್ಲೇ, ಹೊಕ್ಕಳಿಗಿಂತ ಸ್ವಲ್ಪ ಮೇಲೆ, ಎಡಗಡೆಗೆ ಹೊತ್ತಿಕೊಳ್ಳುತ್ತದೆ. ನನ್ನ ವಾರಗಿತ್ತಿ ಅಲಿವೇಲು ದೊಡ್ಡ ಕಾರು ತಂದ ದಿನ ನನಗೆ ಅಲ್ಲಿ ಉರಿಯಿತು. ಮೊದಲು ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದೆ. ಮಾತ್ರೆಗೆ ಬಗ್ಗಲಿಲ್ಲವಾದ್ದರಿಂದ ಇದು ಬೇರೆ ಕಾಯಿಲೆ ಎಂದು ಗೊತ್ತಾಯಿತು.

ಅಲಿವೇಲು ನನ್ನ ಮೈದುನನ ಹೆಂಡತಿ. ಅವರಿರುವುದು ಪಾವಗಡದ ಕಡೆ ಬಲಸಮುದ್ರದಲ್ಲಿ. ನಾವು ಮಧುಗಿರಿಯಲ್ಲಿ, ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಾಲಾದಾಗ ನಾವು ನಮ್ಮ ಭಾಗದ ಹೊಲ ಮಾರಿ ಇಲ್ಲಿ ಮನೆ ಕಟ್ಟಿದೆವು. ಅವರು ತಮ್ಮದನ್ನು ಉಳಿಸಿಕೊಂಡರು. ಆಮೇಲೆ ಸೋಲಾರಿನವರು ಬಂದು ಹೊಲಗಳನ್ನು ಗುತ್ತಿಗೆಗೆ ಕೇಳಿದರು. ಕಡಲೆಕಾಯಿ ಬೆಳೆಯಲು ಒದ್ದಾಡುತ್ತಿದ್ದ ನೆಲದಲ್ಲಿ ಬರೀ ಬಿಸಿಲೇ ಬೆಳೆಯಾಯಿತು. ಆ ಬಿಸಿಲಿನ ಫಲವೇ ಈ ಕಾರು. ಹಳೆಯದೇ, ಬೆಂಗಳೂರಿನಲ್ಲಿ ಯಾರೋ ಸಾಹುಕಾರರು ಓಡಿಸಿ ಬಿಟ್ಟದ್ದು. ಆದರೆ ಅಂಥ ಕಾರು ಹಳೆಯದಾದರೂ ನಮ್ಮ ಕಡೆಯ ಹೊಸ ಕಾರುಗಳೆಲ್ಲ ಅದರ ಮುಂದೆ ಕೈಕಟ್ಟಿ ನಿಂತ ಹಾಗೆ ಕಾಣುತ್ತವೆ.

ಕಾರು ತಂದದ್ದನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ನನ್ನ ಮೈದುನನಿಗೆ ಸ್ಟೇರಿಂಗ್ ಹಿಡಿದರೆ ಕೈ ಬೆವರುತ್ತದೆ. ಹಾಗಾಗಿ ಅದನ್ನು ಓಡಿಸುವವಳು ಅಲಿವೇಲು. ಬೇರೆಯವರ ಮನೆಯ ಅಟ್ಟದಷ್ಟು ಎತ್ತರದ ಸೀಟಿನಲ್ಲಿ ಕೂತು, ಕಿಟಕಿಗೆ ಮೊಣಕೈ ಊರಿ, ಒಂದೇ ಕೈಯಲ್ಲಿ ತಿರುಗಿಸಿಕೊಂಡು ಬರುತ್ತಾಳೆ. ನಾನೋ, ಸ್ಕೂಟರಿನಲ್ಲಿ ಇಂದಿಗೂ ತಿರುವು ಬಂದರೆ ಎರಡು ಕಾಲನ್ನೂ ನೆಲಕ್ಕೆ ಇಳಿಬಿಡುವವಳು. ಇದನ್ನು ಹೇಗೆ ಸಹಿಸುವುದು, ನೀವೇ ಹೇಳಿ.

ಹೀಗಿರುವಾಗ ಒಂದು ಭಾನುವಾರ ನಮ್ಮ ಮನೆಗೆ ಬರುತ್ತಿದ್ದ ಅಲಿವೇಲು, ನಮ್ಮ ಬೀದಿಯ ತಿರುವಿನ ಗುಂಡಿಗೆ ಕಾರು ಇಳಿಸಿದಳು. ಗಾಳಿಯೆಲ್ಲ ಹೋದ ಚಕ್ರದಲ್ಲಿ ಕುಂಟುತ್ತಾ ಬಂದು ಅದು ನಮ್ಮ ಗೇಟಿನೊಳಗೆ ನಿಂತಿತು. ಪಂಚರಿನವನು ಬಂದು, ಟೈರು ಬಿಚ್ಚಿ, ರಿಮ್ಮಿನ ಒಳ ಅಂಚು ಸೊಟ್ಟಗಾಗಿದೆ, ಇದು ನನ್ನ ಕೈಲಿ ಆಗುವ ಕೆಲಸವಲ್ಲ, ಸಿರಾಕ್ಕೆ ಹೋಗಿ ಎಂದ. ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಹಿಂದಿನ ಸಾಹುಕಾರರು ಒಂದು ಗಾಳಿ ಹೊಡೆಯುವ ಯಂತ್ರವನ್ನಷ್ಟೇ ಬಿಟ್ಟಿದ್ದರು.

"ಅಕ್ಕ, ನೀನು ಓದ್ದೋಳು. ಜತೆಗೆ ಬಂದ್ಬುಡು. ಯಾವ್ದು ತಗಾಬೇಕು ನೀನೇ ಹೇಳುವಂತೆ," ಎಂದಳು ಅಲಿವೇಲು.

ಮರುದಿನ ರಜೆ ಹಾಕಿ ಹೊರಟೆ. ಆ ರಿಮ್ಮನ್ನು ಗೋಣಿಚೀಲದಲ್ಲಿ ಸುತ್ತಿ, ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಹಿಡಿದು ಸಿರಾ ಬಸ್ಸಿಗೆ ಹತ್ತಿಸಿದೆವು. ಕಂಡಕ್ಟರು ಚೀಲವನ್ನು ಕಾಲಿನಿಂದ ತಟ್ಟಿ, "ಏನಮ್ಮ ಇದು, ರುಬ್ಬೋ ಕಲ್ಲಾ?" ಎಂದು ಕೇಳಿದ. ಅಲಿವೇಲು, "ಇಲ್ಲ ಕಣಣ್ಣ, ನಮ್ ಕಾರು," ಎಂದಳು. ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳು. ಅಷ್ಟು ದೊಡ್ಡ ಕಾರಿನ ಒಡತಿ ಬಸ್ಸಿನಲ್ಲಿ ಕಾಲು ಚಾಚಿ ಕೂತು ಹಾಗೆ ನಗಬಲ್ಲಳೆಂಬುದೂ ನನ್ನ ಉರಿಗೆ ಇನ್ನೊಂದು ಸೌದೆಯಾಯಿತು.

ದಾರಿಯುದ್ದಕ್ಕೂ ನಾನು ಫೋನಿನಲ್ಲಿ ಚಕ್ರಪುರಾಣ ಓದಿದೆ. ಇರುವ ದಾರಿ ಮೂರು. ಕಂಪನಿಯದೇ ಹೊಸ ಚಕ್ರ ತರಿಸುವುದು ಒಂದು. ನೋಡಲು ಅದರಂತೆಯೇ ಇರುವ, ಬೇರೆ ಯಾರೋ ಎರಕ ಹೊಯ್ದ ನಕಲು ಚಕ್ರ ಇನ್ನೊಂದು. ಇರುವುದನ್ನೇ ನೆಟ್ಟಗೆ ಮಾಡಿಸಿ ಬಣ್ಣ ಹೊಡೆಸುವುದು ಮೂರನೆಯದು. ಅಂಚು ಬಾಗಿದ್ದರೆ ಸರಿಮಾಡಬಹುದು, ಚಕ್ರದ ನಡುವಿನ ಕಡ್ಡಿ ಬಿರುಕು ಬಿಟ್ಟಿದ್ದರೆ ಮಾತ್ರ ಮುಟ್ಟಬಾರದು. ನಕಲಿನದು ಕೊಳ್ಳುವುದಾದರೆ ಅದು ಎಷ್ಟು ಭಾರ ತಡೆಯುತ್ತದೆ ಎಂದು ಅದರ ಮೇಲೇ ಅಚ್ಚಾಗಿರಬೇಕು. ಇಲ್ಲವಾದರೆ ಇಂಥ ತೂಕದ ಕಾರಿಗೆ ಹಾಕಬಾರದು. ಇಷ್ಟೆಲ್ಲ ಬಡವನಹಳ್ಳಿ ದಾಟುವುದರೊಳಗೆ ನನಗೆ ಬಾಯಿಪಾಠವಾಗಿತ್ತು.

ಸಿರಾದಲ್ಲಿ ಹೆದ್ದಾರಿಯ ಪಕ್ಕದ ಚಕ್ರದ ಅಂಗಡಿಯಲ್ಲಿ ಅದರ ಮಾಲೀಕರಾದ ರಹಮತ್ ಸಾಬರು ನಮ್ಮನ್ನು ಕೂರಿಸಿ ಟೀ ತರಿಸಿದರು. ಮಾತಿನ ಮನುಷ್ಯ. ನಮ್ಮ ರಿಮ್ಮನ್ನು ತಿರುಗಿಸಿ ನೋಡಿ, ಅಂಚು ಮಾತ್ರ ಬಾಗಿದೆ, ಬಿರುಕಿಲ್ಲ ಎಂದರು. ಆಮೇಲೆ ಒಳಗಿನಿಂದ ಕನ್ನಡಿಯಂತೆ ಹೊಳೆಯುವ ಒಂದು ಚಕ್ರ ತಂದು ಟೀಪಾಯಿಯ ಮೇಲಿಟ್ಟರು.

"ಡಿಟ್ಟೋ ಕಂಪನಿದೇ ಮೇಡಂ. ದೂರದಿಂದ ನೋಡಿದ್ರೆ ಖುದ್ದು ಕಂಪನಿಯೋರಿಗೇ ಗೊತ್ತಾಗಲ್ಲ. ಈಗ್ಲೇ ತಗೊಂಡು ಹೋಗ್ಬಹುದು."

ಅದನ್ನು ನೋಡಿದ್ದೇ ನನ್ನ ಹೊಟ್ಟೆಯ ಉರಿ ಥಟ್ಟನೆ ತಣ್ಣಗಾಯಿತು. ಇನ್ನು ಮುಂದೆ ಯಾವ ಮದುವೆಗೆ ಹೋದರೂ, ಜನ ಆ ಕಾರನ್ನು ಸುತ್ತಿ ಸುತ್ತಿ ನೋಡುವಾಗ, ಅದರಲ್ಲೊಂದು ಚಕ್ರ ನಕಲಿ ಎಂಬುದು ನನಗೊಬ್ಬಳಿಗೆ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ದೇವರಲ್ಲಿ ಕೇಳಿರಲಿಲ್ಲ.

"ಇದೇ ಚೆನ್ನಾಗಿದೆ ಅಲಿವೇಲು," ಎಂದೆ.

"ಅಕ್ಕ ಅಂದ್ಮೇಲೆ ಆಯ್ತು. ಇದೇ ಕೊಟ್ಬುಡ್ರಿ ಸಾಬ್ರೇ," ಎಂದಳು ಅವಳು. ಒಂದು ಪ್ರಶ್ನೆಯಿಲ್ಲ, ಒಂದು ಅನುಮಾನವಿಲ್ಲ. ಲೋಟದಲ್ಲಿ ಉಳಿದ ಟೀ ಕುಡಿದು ಏಳಲು ಸೆರಗು ಸರಿಮಾಡಿಕೊಂಡಳು.

ಅವಳು ನನ್ನೊಡನೆ ಸ್ವಲ್ಪ ವಾದ ಮಾಡಿದ್ದರೆ ನಾನು ಗೆದ್ದು ಬರುತ್ತಿದ್ದೆನೇನೋ. ಹೀಗೆ ತಕ್ಷಣ ಒಪ್ಪಿದ್ದೇ ತಪ್ಪಾಯಿತು. ನಾನು ಎದ್ದು ಆ ಹೊಳೆಯುವ ಚಕ್ರವನ್ನು ಮಗುಚಿ ಹಾಕಿ, ಕನ್ನಡಕ ಏರಿಸಿ ಒಳಮೈಯೆಲ್ಲ ಹುಡುಕಿದೆ. ಭಾರದ ಅಚ್ಚು ಎಲ್ಲೂ ಇರಲಿಲ್ಲ. ಈ ಕಾರಿನಲ್ಲಿ ನಮ್ಮತ್ತೆ ಕೂರುತ್ತಾರೆ, ಮಕ್ಕಳು ಕೂರುತ್ತಾರೆ, ಇವಳು ಕೂರುತ್ತಾಳೆ. ಬೇಡವೆಂದರೂ ಹಬ್ಬಹುಣ್ಣಿಮೆಗೆ ನಾನೂ ಕೂರುತ್ತೇನೆ.

"ಬೇಡ ಅಲಿವೇಲು," ಎಂದೆ. "ಎಷ್ಟು ಭಾರ ತಡಿಯುತ್ತೆ ಅಂತ ಇದರ ಮೇಲೆ ಬರೆದೇ ಇಲ್ಲ."

ಸಾಬರು, "ಎಲ್ಲಾರೂ ಇದನ್ನೇ ಹಾಕ್ಕೊಂಡು ಹೋಗ್ತಾರಲ್ಲಾ ಮೇಡಂ," ಎಂದರು. ಬರೆದದ್ದನ್ನು ತೋರಿಸಿ ಎಂದೆ. ಅವರು ಚಕ್ರವನ್ನು ಬೇಸರವಿಲ್ಲದೆ ಒಳಗೆ ತೆಗೆದುಕೊಂಡು ಹೋದರು. ಕಂಪನಿಯದು ಬರಲು ತಿಂಗಳಾದರೂ ಬೇಕೆಂದರು. ಅಲಿವೇಲು ತನ್ನ ಸೊಟ್ಟ ರಿಮ್ಮಿನ ಅಂಚನ್ನು ಬೆರಳಲ್ಲಿ ಸವರಿ, "ಮುರಿದಿಲ್ಲವಲ್ಲ, ಬಾಗೈತೆ ಅಷ್ಟೇ. ನೆಟ್ಟಗೆ ಮಾಡ್ಸಾನ ಅಕ್ಕ, ಪರವಾಲೇದು," ಎಂದು ತೆಲುಗು ಬೆರೆಸಿ ನನಗೇ ಸಮಾಧಾನ ಹೇಳಿದಳು. ಸಾಬರ ಮೆಷಿನ್ನಿನ ಮುಂದೆ ಸಾಲಿತ್ತು. ವಾರ ಬಿಟ್ಟು ಬರಲು ಹೇಳಿದರು. ಅವಳು ಸಿರಾದಿಂದಲೇ ಪಾವಗಡದ ಬಸ್ಸು ಹತ್ತಿದಳು.

ಕಾರು ಮಾತ್ರ ನಮ್ಮ ಅಂಗಳದಲ್ಲೇ, ಒಂದು ಮೂಲೆಗೆ ಜಾಕು ಮತ್ತು ಸೈಜುಗಲ್ಲು ಕೊಟ್ಟುಕೊಂಡು ನಿಂತಿತ್ತು. ಬೀದಿಯವರು ಅದು ನಮ್ಮದೆಂದುಕೊಂಡರು. ಅಲ್ಲವೆಂದು ಹೇಳುವುದಕ್ಕೆ ನನಗೆ ಸಮಯವಾಗಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅದರ ಮೈಯನ್ನು ಬಟ್ಟೆಯಲ್ಲಿ ಒರೆಸುವುದಕ್ಕೆ ಮಾತ್ರ ಹೇಗೋ ಸಮಯವಾಗುತ್ತಿತ್ತು. ಹೊಟ್ಟೆಕಿಚ್ಚು ಪಡುವುದಕ್ಕಿಂತ ಪಡಿಸುವುದು ಎಷ್ಟು ತಂಪಾದ ಕೆಲಸವೆಂದು ಆ ವಾರ ತಿಳಿಯಿತು. "ನಿಮ್ಗೇನ್ ಬುಡ್ರಿ ಮೇಡಂ," ಎಂದರು ಎದುರುಮನೆಯ ಶಾರದಮ್ಮ. ಆ ಮಾತಿನ ಉರಿ ನನಗೆ ಎಷ್ಟು ಪರಿಚಿತವೆಂದರೆ, ಅವರ ಕೈ ಹಿಡಿದು ಒಳಗೆ ಕರೆದು ಕೂರಿಸೋಣ ಅನ್ನಿಸಿತು.

ಆದರೆ ಆ ತಂಪು ನಾಲ್ಕು ದಿನವೂ ಉಳಿಯಲಿಲ್ಲ. ಒಂದು ಸಂಜೆ ನೀರು ಹಿಡಿಯುವಾಗ ಶಾರದಮ್ಮ ದನಿ ತಗ್ಗಿಸಿ ಕೇಳಿದರು: "ಆಕ್ಸಿಡೆಂಟ್ ಆಗಿದ್ದ ಗಾಡಿಯಂತೆ, ಹೌದಾ ಮೇಡಂ? ಅದ್ರಾಗೆ ಯಾರೋ ಹೋಗ್ಬುಟ್ರಂತಲ್ಲ. ಅದ್ಕೇ ಚಕ್ರ ನಿಲ್ತಿಲ್ಲ ಅಂತ ಮಾತಾಡ್ಕಂತಾವ್ರೆ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನದಲ್ಲದ ಕಾರಿನ ಮಾನಕ್ಕಾಗಿ ಕೊಳಾಯಿಯ ಹತ್ತಿರ ನಿಂತು ನಾನು ಮಾಡಿದ ಭಾಷಣವನ್ನು ಸ್ಕೂಲಿನಲ್ಲಿ ಮಾಡಿದ್ದರೆ ಮಕ್ಕಳು ಉದ್ಧಾರವಾಗುತ್ತಿದ್ದರು. ಬಿಂದಿಗೆ ತುಂಬಿ ಹರಿದುಹೋದದ್ದೂ ನೋಡಲಿಲ್ಲ.

ಒಳಗೆ ಬಂದು ಕೂತ ಮೇಲೆ, ನಾನೇ ಪಾಠ ಮಾಡಿದ ಎರಡು ಪದಗಳು ನೆನಪಾದವು. ಈರ್ಷ್ಯೆ ಎಂದರೆ ಇನ್ನೊಬ್ಬರ ಏಳಿಗೆಯನ್ನು ಸಹಿಸದಿರುವುದು. ಅಸೂಯೆ ಎಂದರೆ ಇನ್ನೊಬ್ಬರ ಒಳ್ಳೆಯದರಲ್ಲೇ ಕುಂದು ಹುಡುಕುವುದು. ಮೊದಲನೆಯದು ಸುಮ್ಮನೆ ಕೂತು ಉರಿಯುತ್ತದೆ; ಎರಡನೆಯದು ಎದ್ದು ಕೆಲಸಕ್ಕೆ ಹೋಗುತ್ತದೆ. ಪಾವಗಡದ ಕಡೆ ಎರಡಕ್ಕೂ ಸೇರಿಸಿ ‘ಕುಳ್ಳು’ ಅಂದುಬಿಡುತ್ತಾರೆ. ತೆಲುಗಿನಲ್ಲಿ ಅದಕ್ಕೆ ಕೊಳೆಯುವುದೆಂಬ ಅರ್ಥವೂ ಉಂಟು. ಶಾರದಮ್ಮ ಇಲ್ಲದ ಹೆಣವೊಂದನ್ನು ಕಾರಿನಲ್ಲಿ ಕೂರಿಸಿದ್ದರು; ನಾನು ನಕಲಿ ಚಕ್ರವೊಂದನ್ನು ಕೂರಿಸಲು ಹೋಗಿದ್ದೆ. ಬೈಯಲು ಹೊರಟರೆ ಇಬ್ಬರಿಗೂ ಒಂದೇ ಬೈಗುಳ ಸಾಕು.

ವಾರದ ಮೇಲೆ ಅಲಿವೇಲು ಚಕ್ರ ತಂದಳು. ಪಂಚರಿನವನು ಟೈರು ಕೂರಿಸಿ, ಚಕ್ರ ಜೋಡಿಸಿ, ಜಾಕು ಇಳಿಸಿದ. ಕಾರು ನಾಲ್ಕು ಕಾಲಿನ ಮೇಲೆ ನಿಂತು ಮತ್ತೆ ಅವಳದಾಯಿತು.

"ಬಾ ಅಕ್ಕ, ಹೆಂಗೆ ಓಡ್ತದೆ ನೋಡಾನ," ಎಂದು ನನ್ನನ್ನು ಹತ್ತಿಸಿಕೊಂಡಳು. ಪಾವಗಡದ ರಸ್ತೆಯಲ್ಲಿ ಬಹಳ ದೂರ ಹೋದೆವು. ಚಕ್ರ ಚೂರೂ ಅಲುಗಲಿಲ್ಲ. ಜನ ಕಾಣದ ಒಂದು ಬಯಲಿನ ಹತ್ತಿರ ನಿಲ್ಲಿಸಿ, "ಈಗ ನೀನು ಹಿಡಿ," ಎಂದಳು.

"ನನಗೆ ಬರಲ್ಲ ಕಣೇ."

"ನಂಗೂ ಬತ್ತಿರ್ಲಿಲ್ಲ. ಕೂತ್ಕಂಡೆ, ಬಂತು."

ಬಯಲಿನಲ್ಲಿ ಆ ಕಾರನ್ನು ನಾನು ಎತ್ತಿನಗಾಡಿಯ ವೇಗದಲ್ಲಿ ಸುತ್ತು ಹೊಡೆಸಿದೆ. ಒಂದು ಜಾಲಿಗಿಡವನ್ನು ಹೇಗೋ ತಪ್ಪಿಸಿದೆ, ಇನ್ನೊಂದು ತಾನೇ ತಪ್ಪಿಸಿಕೊಂಡಿತು. ಅಲಿವೇಲು ಪಕ್ಕದಲ್ಲಿ ಕೂತು "ಅಂಗೇ, ಅಂಗೇ," ಅನ್ನುತ್ತಿದ್ದಳು. ಅಷ್ಟು ಹೊತ್ತೂ ಹೊಕ್ಕಳಿನ ಮೇಲೆ, ಎಡಗಡೆ, ಏನೂ ಇರಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ಮನುಷ್ಯರಿಗೆ ಸ್ವಲ್ಪ ಬಿಡುವು ಬೇಕು. ಎರಡು ಕೈಗೂ ಎರಡು ಕಾಲಿಗೂ ಕೆಲಸವಿದ್ದವರನ್ನು ಅದು ಅವರ ಪಾಡಿಗೆ ಬಿಟ್ಟುಬಿಡುತ್ತದೆ ಎಂದು ತೋರುತ್ತದೆ.

ಮನೆಯ ಮುಂದೆ ನನ್ನನ್ನು ಇಳಿಸಿ ಅಲಿವೇಲು ಕೈ ಬೀಸಿದಳು. ಆಮೇಲೆ ನಮ್ಮ ಇಕ್ಕಟ್ಟಿನ ಬೀದಿಯಲ್ಲಿ ಆ ಆನೆಯಂಥ ಕಾರನ್ನು, ತಿರುಗಿ ಕೂಡ ನೋಡದೆ, ಮೂಲೆಯವರೆಗೆ ಒಂದೇ ಉಸಿರಿಗೆ ರಿವರ್ಸ್ ತೆಗೆದುಕೊಂಡು ಹೋದಳು. ನಾನು ಗೇಟು ಹಿಡಿದು ಪೂರ್ತಿ ನೋಡಿದೆ. ಉರಿ ತನ್ನ ಜಾಗಕ್ಕೆ ವಾಪಸು ಬಂತು. ಒಳಗೆ ಹೋಗಿ, ಡ್ರೈವಿಂಗ್ ಸ್ಕೂಲಿನಲ್ಲಿ ಬೆಳಗಿನ ಕ್ಲಾಸು ಎಷ್ಟು ಹೊತ್ತಿಗೆ ಎಂದು ಫೋನು ಮಾಡಿ ಕೇಳಿದೆ.