ಬಾಗಿಲು ತಿರುಗಿಸಿದವನು ನಾನೇ

ಶಾಂತವ್ವ, ಆ ಪಾಯಖಾನೆಯ ಬಾಗಿಲನ್ನು ರಸ್ತೆಗೆ ತಿರುಗಿಸಿದವನು ನಾನೇ. ಮೇಲಿನವರ ಹುಕುಂ ಅಂತ ನಿನಗೆ ಹೇಳಿದ್ದೆನಲ್ಲ — ಸುಳ್ಳು. ಅಂಥ ಹುಕುಂ ಯಾರೂ ಮಾಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಇಳಕಲ್ಲಿನ ನಮ್ಮ ನೇಕಾರರ ಓಣಿಗೆ ಹೆಣ್ಣುಮಕ್ಕಳ ಪಾಯಖಾನೆ ಮಂಜೂರಾಗಿತ್ತು. ನಾನು ಪುರಸಭೆಯ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಿಮ್ಮ ಓಣಿಯದು ನೀನೇ ಬರಿ ಎಂದು ಸಾಹೇಬರು ನನಗೇ ಬಿಟ್ಟಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದಾಗ ಪಕ್ಕದ ಮನೆಯ ನೀನು ಮಗ್ಗ ಬಿಟ್ಟು ಎದ್ದು ಬಂದೆ. ಸೆರಗಿಗೆ ನೂಲಿನ ಎಳೆ ಹಾಗೇ ಅಂಟಿತ್ತು.

“ಯಣ್ಣಾ, ಬಾಗಲಾ ಹಿಂದಿನ ಸಂದಿಗೆ ಇಡ್ರಿ. ಮುಂದ ಚಾದಂಗಡಿ ಐತಿ, ಗಂಡಸರು ಕುಂತಿರ್ತಾರ. ಅವರ ಮುಂದ ತಂಬಿಗಿ ಹಿಡ್ಕೊಂಡು ಹೆಂಗ ಹೋಗೂದ್ರಿ?”

“ಆತವಾ, ಹಿಂದಕ್ಕ ಇಡ್ತೇನಿ” ಎಂದೆ. ಹಾಗೇ ಬರೆದೆ ಕೂಡ.

ಆದರೆ ಆ ಸಂದಿಯ ಆಚೆ ನಮ್ಮ ಮನೆಯ ತಲೆಬಾಗಿಲು. ನನಗೆ ಆಗ ಹೆಣ್ಣು ನೋಡುತ್ತಿದ್ದರು. ಗೆರೆ ನೋಡಿ ಅವ್ವ ಹೌಹಾರಿದಳು. “ಮುಂಜಾನೆದ್ದು ಹೊಸ್ತಿಲಾ ತೊಳ್ಯಾಕ ಕುಂತ್ರ ಎದುರಿಗೆ ಸಂಡಾಸಿನ ಬಾಗಲಾ ಕಾಣಬೇಕೇನಲೇ? ಇಂಥಾ ಮನಿಗೆ ಯಾರು ಹೆಣ್ಣು ಕೊಡ್ತಾರ?”

ಅವ್ವನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಖರೆ ಹೇಳಬೇಕೆಂದರೆ — ನಾಚಿಕೆ ನನ್ನದೂ ಆಗಿತ್ತು. ಬೀಗರಾಗುವವರು ಬಂದು ಮೂಗು ಮುಚ್ಚಿಕೊಂಡರೆ? ಮರುದಿನ ಗೆರೆ ಅಳಿಸಿ, ಬಾಗಿಲನ್ನು ಚಹಾದಂಗಡಿಯ ಎದುರಿಗೇ ತಂದೆ. ಅಲ್ಲಿ ಮರೆಗೊಂದು ಗೋಡೆ ಕಟ್ಟಲೂ ಜಾಗವಿರಲಿಲ್ಲ. ನೀನು ಕೇಳಿದಾಗ ಆ ಹುಕುಮಿನ ಸುಳ್ಳು ಹೇಳಿದೆ.

ಕಟ್ಟಡ ಎದ್ದಿತು. ಓಣಿಯ ಒಬ್ಬ ಹೆಣ್ಣುಮಗಳೂ ಅದರೊಳಗೆ ಕಾಲಿಡಲಿಲ್ಲ. ಮೊದಲಿನಂತೆ ಹೊತ್ತು ಮುಳುಗಿದ ಮೇಲೆ ಕಲ್ಲಿನ ಕ್ವಾರಿಯ ಕಡೆಗೇ ಹೋದಿರಿ. ಮದುವೆಯಾಗಿ ಬಂದ ನನ್ನ ಹೆಂಡತಿಯೂ ನಿಮ್ಮ ಹಿಂದೆಯೇ ಬಂದಳು. ನೋಡಿಯೂ ನಾನು ಆ ಬಾಗಿಲು ಬದಲಿಸಲು ಹೋಗಲಿಲ್ಲ.

ಒಂದು ಸಂಜೆ ಅವಳು ಒಬ್ಬಳೇ ಓಡಿಬಂದಳು, ಕೈಯಲ್ಲಿ ತಂಬಿಗೆ ಇರಲಿಲ್ಲ. “ಶಾಂತಕ್ಕ ಕ್ವಾರಿಯೊಳಗ ಬಿದ್ದಾಳ್ರೀ!” ಲಾರಿಯ ಬೆಳಕು ಮೈಮೇಲೆ ಬಿತ್ತಂತೆ. ನೀನು ಗಡಬಡಿಸಿ ಎದ್ದು ಹಿಂದಕ್ಕೆ ಸರಿದೆಯಂತೆ — ಹಿಂದೆ ನೆಲವೇ ಇರಲಿಲ್ಲ. ಅಯ್ಯೋ, ನಾನೆಳೆದ ಒಂದು ಗೆರೆ ಇಲ್ಲಿಗೆ ಬಂದು ಮುಟ್ಟಿತೇ!

ದವಾಖಾನೆಯಲ್ಲಿ ಓಣಿಯ ಹೆಂಗಸರು ನನ್ನನ್ನು ಹಿಡಿದು ಬೈಯತೊಡಗಿದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀನೇ ಅವರನ್ನು ತಡೆದೆ.

“ಅಣ್ಣಾರ್ನ ಯಾಕ ಬೈತೀರಿ? ಅವರು ಹಿಂದಕ್ಕ ಇಡ್ತೇನಿ ಅಂದಿದ್ರು. ಮ್ಯಾಲಿನವರು ಕೇಳಲಿಲ್ಲ. ಪಾಪ, ಅವರಾದ್ರೂ ಏನ್ ಮಾಡ್ಬೇಕು?”

ಈಗಲಾದರೂ ಹೇಳು, ಈಗಲಾದರೂ — ಬಾಯಿ ತೆರೆದೆ. ಬಂದದ್ದೇನು? “ಹೌದ್ರವಾ, ಮ್ಯಾಲಿನವರ ಹುಕುಂ.” ನಿನ್ನ ಮುಖ ನೋಡುತ್ತಲೇ ಅಂದೆ! ಆ ದನಿ ನನ್ನದೇ ಎಂದು ನನಗೇ ನಂಬಲಾಗಲಿಲ್ಲ.

ನಿನ್ನ ಎಲುಬು ಕೂಡಿತು, ಮೊಣಕಾಲು ಮಡಚಲಿಲ್ಲ. ಮಗ್ಗದ ಕುಣಿಯೊಳಗೆ ಕಾಲಿಳಿಸಿ ತುಳಿಯಲು ಆಗದೆ ಮಗ್ಗವನ್ನೇ ಬಿಚ್ಚಿದಿರಿ. ಓಣಿಯಲ್ಲೇ ಚೆಂದದ ಸೆರಗು ನೇಯುತ್ತಿದ್ದ ನೀನು ಮಂದಿಯ ಮಗ್ಗಗಳಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತ ಕುಳಿತೆ.

ಆದರೂ ಪ್ರತಿ ನಾಗರಪಂಚಮಿಗೆ ‘ಅಣ್ಣಗ’ ಎಂದು ಡಬ್ಬಿ ತುಂಬ ಉಂಡಿ ಕಳಿಸುತ್ತೀ. ತಿಂದಿದ್ದೇನೆ ಶಾಂತವ್ವ, ಪ್ರತಿ ವರ್ಷ ತಿಂದಿದ್ದೇನೆ. ಈ ಸಲದ ಡಬ್ಬಿಯನ್ನು ತೆರೆದಿಲ್ಲ.

ನಾಳೆ ನಿನ್ನ ಮನೆಯ ಕಟ್ಟೆಗೆ ಬರುತ್ತೇನೆ. ಓಣಿಯವರೂ ಕೂತಿರಲಿ. ಆ ಹುಕುಂ ನನ್ನದೇ ಎಂದು ಎಲ್ಲರ ಮುಂದೆ ಹೇಳಿ, ಡಬ್ಬಿಯನ್ನು ಹಾಗೇ ನಿನ್ನ ಮುಂದಿಡುತ್ತೇನೆ. ಅದನ್ನು ಮತ್ತೆ ನನ್ನ ಕೈಗೆ ಕೊಡುವುದು, ಬಿಡುವುದು ನಿನಗೆ ಬಿಟ್ಟದ್ದು.