ತಾನೇ ಎದ್ದು ಕೂರುವ ಕಂಪ್ಯೂಟರ್

ನಮ್ಮ ಅಂಗಳದ ಹಿತ್ತಾಳೆಯ ನಳ ಎರಡನೇ ಸಲ ಕಳುವಾದ ದಿನ ನನ್ನ ತಂಗಿ ಸಿಟ್ಟಾಗಲಿಲ್ಲ, ನಕ್ಕಳು. ಮುರಿದ ಪೈಪಿನಿಂದ ನೀರು ಕಾರಂಜಿಯಂತೆ ಚಿಮ್ಮಿ ದಾಸವಾಳದ ಗಿಡವನ್ನೆಲ್ಲ ತೋಯಿಸುತ್ತಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪೈಪಿನ ಬಾಯಿಗೆ ಹಳೆಯ ಟವೆಲು ತುರುಕಿ, ಅಡಿಯಿಂದ ಮುಡಿಯವರೆಗೆ ನೆನೆದು ನಿಂತುಕೊಂಡು, "ಅಕ್ಕಾ, ಕಳ್ಳಗ ನಮ್ಮ ಮನಿ ನಳ ಭಾಳ ಸೇರ್ಯಾವ ನೋಡು" ಎಂದಳು.

ಹಡಪಸರದ ಈ ಸಣ್ಣ ಮನೆಯಲ್ಲಿ ಇರುವವರು ನಾವಿಬ್ಬರೇ. ಧಾರವಾಡದ ಕಡೆಯಿಂದ ಬಟ್ಟೆ ಅಂಗಡಿಯೊಂದರ ಗುಮಾಸ್ತರಾಗಿ ಪುಣೆಗೆ ಬಂದ ಅಜ್ಜ ಕಟ್ಟಿಸಿದ ಮನೆ. ಮೂರು ಕೋಣೆ, ಮುಂದೊಂದು ಅಂಗಳ, ಮೇಲೆ ಮಾಳಿಗೆ. ಮಾಳಿಗೆಯ ಮೇಲೆ ನಿಂತರೆ ಮಗರಪಟ್ಟಾದ ಎತ್ತರದ ಕಟ್ಟಡಗಳು ಕಾಣುತ್ತವೆ. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ದೂರವಾಣಿ ಇಲಾಖೆಯಲ್ಲಿ ಕೇಬಲ್ ದುರಸ್ತಿಯ ವಿಭಾಗದಲ್ಲಿದ್ದಳು. ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ಮನೆಯಲ್ಲಿ ಮಾತು ನನ್ನದು, ಕೆಲಸ ಅವಳದು ಎಂದು ನೆಂಟರು ಚೇಷ್ಟೆ ಮಾಡುತ್ತಾರೆ. ಪೂರ್ತಿ ಸುಳ್ಳೂ ಅಲ್ಲ.

ನಳದ ಸುದ್ದಿ ಬಾರಾಮತಿಯಲ್ಲಿರುವ ಅಣ್ಣನ ಮಗನಿಗೆ ಮುಟ್ಟಿತು. ಅವನು ಅಲ್ಲಿ ಆಕಳು ಸಾಕಿ ಹಾಲಿನ ವ್ಯಾಪಾರ ಮಾಡುತ್ತಾನೆ. ಕೊಟ್ಟಿಗೆಗೆ ಹೊಸ ಕ್ಯಾಮೆರಾ ಹಾಕಿಸಿಕೊಂಡಿದ್ದರಿಂದ ಹಳೆಯವು ನಾಲ್ಕು ಅವನ ಬಳಿ ಉಳಿದಿದ್ದವು. ಒಂದು ರವಿವಾರ ಅವನ್ನು ಚೀಲದಲ್ಲಿ ತುಂಬಿಕೊಂಡು, ಜೊತೆಗೆ ಹಾಲು ಬತ್ತಿಸಿ ಮಾಡಿದ ಒಂದು ಡಬ್ಬಿ ಖವೆಯನ್ನೂ ಹಿಡಿದುಕೊಂಡು ಬಂದ. ಮಧ್ಯಾಹ್ನದೊಳಗೆ ಗೇಟಿಗೊಂದು, ಅಂಗಳಕ್ಕೊಂದು, ಹಿತ್ತಲಿಗೊಂದು, ಮಾಳಿಗೆಗೊಂದು ಕ್ಯಾಮೆರಾ ಕೂಡಿಸಿದ.

"ಇವು ಬರೇ ನೋಡ್ತಾವ, ದೊಡ್ಡತ್ತಿ. ನೋಡಿದ್ದು ನೆನಪಿಟ್ಗೊಳ್ಳಿಕ್ಕೆ ಒಂದು ಕಂಪ್ಯೂಟರ್ ಬೇಕು. ಅದರಾಗ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದ್ರ ಮುಗೀತು" ಎಂದು ಹೇಳಿ, ಹಾಲು ಕರೆಯುವ ಹೊತ್ತಾಯಿತೆಂದು ಹೊರಟೇಬಿಟ್ಟ.

ಕಂಪ್ಯೂಟರ್ ಅಂದರೆ ನನ್ನದೊಂದು ಲ್ಯಾಪ್‌ಟಾಪ್ ಇತ್ತಲ್ಲ. ಶಾಲೆ ಮುಚ್ಚಿದ್ದ ಕಾಲದಲ್ಲಿ ಮನೆಯಿಂದಲೇ ಪಾಠ ಮಾಡಲೆಂದು ಕೊಂಡದ್ದು. ಅದಕ್ಕೇ ಕ್ಯಾಮೆರಾ ಜೋಡಿಸಿದೆವು. ಎರಡು ತಾಸಿನಲ್ಲಿ ಅದು ಹಿಟ್ಟಿನ ಗಿರಣಿಯಂತೆ ಸಪ್ಪಳ ಮಾಡತೊಡಗಿತು. ಮುಟ್ಟಿದರೆ ಬಿಸಿ ತವೆ. ಸಂಜೆ ರೆಕಾರ್ಡಿಂಗ್ ತೆಗೆದು ನೋಡಿದರೆ, ಹಾಲಿನವರು ಗೇಟಿನ ಬಳಿ ಇದ್ದವರು ಒಂದೇ ಒಂದು ಹೆಜ್ಜೆಯನ್ನೂ ಇಡದೆ ಬಾಗಿಲಲ್ಲಿ ಪ್ರತ್ಯಕ್ಷರಾದರು. ನಡುವಿನ ಅಂಗಳವನ್ನು ಲ್ಯಾಪ್‌ಟಾಪ್ ನುಂಗಿಹಾಕಿತ್ತು.

"ನಳ ಇರೋದ ಆ ಅಂಗಳದಾಗ!" ಎಂದು ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಣ್ಣನ ಮಗನಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪು ಹಗಲಿರುಳು ದುಡಿಯಲು ಮಾಡಿದ್ದಲ್ಲ, ಹೀಗೆಯೇ ಬಿಟ್ಟರೆ ಬ್ಯಾಟರಿ ಉಬ್ಬಿಕೊಳ್ಳುತ್ತದೆ, ಬೇರೆ ಕೊಳ್ಳಿರಿ ಎಂದ. ತಾನೇ ಬಂದು ಕೊಡಿಸುತ್ತೇನೆಂದೂ ಹೇಳಿದ. ತಂಗಿ ನನ್ನ ಕೈಯಿಂದ ಫೋನು ಕಸಿದುಕೊಂಡು, "ನಿನ್ನ ಆಕಳಾ ನೀ ನೋಡ್ಕೋ. ನಮ್ಮ ಕಂಪ್ಯೂಟರ್ ನಾವು ನೋಡ್ಕೋತೇವಿ" ಎಂದಳು.

ನಾನು ಪರೀಕ್ಷೆಗೆ ಓದುವ ಮಕ್ಕಳಂತೆ ಓದಲು ಕೂತೆ. ವಿಡಿಯೋಗಳನ್ನು ನೋಡಿದೆ, ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡೆ. ಪ್ರೊಸೆಸರಿನ ಎಷ್ಟನೆಯ ಪೀಳಿಗೆ, ಎಷ್ಟು ಮೆಮೊರಿ, ಯಾವ ಡಿಸ್ಕು. ಬರೆದದ್ದರಲ್ಲಿ ಅರ್ಧ ನನಗೆ ತಿಳಿದಿರಲಿಲ್ಲ ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ತಂಗಿ ಏನೂ ಓದಲಿಲ್ಲ. ಗ್ಯಾಸ್ ಬಿಲ್ಲಿನ ಹಿಂದೆ ಪೆನ್ಸಿಲಿನಿಂದ ತನ್ನ ಪ್ರಶ್ನೆಗಳನ್ನು ಬರೆದಳು. ಸಪ್ಪಳ ಎಷ್ಟು ಮಾಡ್ತದ? ಕರೆಂಟ್ ಎಷ್ಟು ತಿಂತದ? ಎಷ್ಟು ದಿನದ್ದು ನೆನಪಿಡ್ತದ? ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು: ಗುರುವಾರ ಕರೆಂಟ್ ಹೋಗಿ ಬಂದ್ರ ತಾನ ಎದ್ದು ಕೂಡ್ತದೇನು?

ಪುಣೆಯಲ್ಲಿ ದುರಸ್ತಿಗೆಂದು ಕರೆಂಟ್ ತೆಗೆಯುವುದು ಗುರುವಾರವೇ. ನಮ್ಮ ಓಣಿಯಲ್ಲಂತೂ ಎಷ್ಟೋ ಗುರುವಾರ ಬೆಳಗ್ಗೆ ಹೋದದ್ದು ಮಧ್ಯಾಹ್ನಕ್ಕೇ ಬರುತ್ತದೆ.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಅಲ್ಲಿಯ ಮಾರಾಟದವರು ಬಹಳ ಮರ್ಯಾದೆಯಿಂದ ಕೂಡಿಸಿ, ಪಕ್ಕಕ್ಕೆ ಗಾಜಿದ್ದ ಒಂದು ದೊಡ್ಡ ಪೆಟ್ಟಿಗೆಯನ್ನು ತೋರಿಸಿದರು. ಒಳಗಿನ ಫ್ಯಾನುಗಳು ಕೆಂಪು, ನೀಲಿ, ಹಸಿರಾಗಿ ಬೆಳಗುತ್ತ ತಿರುಗುತ್ತಿದ್ದವು. ನಾನು ಮರುಳಾದೆ. ಪಡಸಾಲೆಯ ಮೂಲೆಯಲ್ಲಿ ಅದನ್ನು ಇಟ್ಟರೆ ಹೇಗೆ ಕಾಣುತ್ತದೆ ಎಂದು ಮನಸ್ಸಿನಲ್ಲೇ ಕುರ್ಚಿಗಳನ್ನು ಸರಿಸುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೆಲ್ಲ ಅದರಲ್ಲಿತ್ತು, ಬರೆಯದೇ ಇದ್ದದ್ದೂ ಇತ್ತು.

ತಂಗಿ ತನ್ನ ಕೊನೆಯ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದಳು. ಅವರು ನಗುತ್ತಲೇ, ಕರೆಂಟ್ ಬಂದ ಮೇಲೆ ಬಟನ್ ಒತ್ತಿದರೆ ಸಾಕು, ಕ್ಷಣದಲ್ಲಿ ಶುರುವಾಗುತ್ತದೆ ಎಂದರು.

"ನಾವು ಮದುವೆಗೆಂದು ಊರಿಗೆ ಹೋಗಿದ್ದರೆ ಬಟನ್ ಯಾರು ಒತ್ತಬೇಕು? ಕಳ್ಳನಿಗೆ ಹೇಳಿ ಹೋಗೋಣವೇ?" ಎಂದಳು ಅವಳು.

ಅವರಿಗೂ ನಗು ತಡೆಯಲಾಗಲಿಲ್ಲ. ಆದರೆ ಉತ್ತರ ಗೊತ್ತಿರಲಿಲ್ಲ. ಕರೆಂಟ್ ಎಷ್ಟು ತಿನ್ನುತ್ತದೆ ಎಂಬುದನ್ನೂ ಸರಿಯಾಗಿ ಹೇಳಲಿಲ್ಲ. ನಾವು ಎದ್ದು ಬಂದೆವು. ರಿಕ್ಷಾದಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ.

"ಎಷ್ಟು ಚಂದ ಇತ್ತು" ಎಂದೆ.

"ನಿನಗ ದೀಪಾನ ಬೇಕಿದ್ರ ತುಳಸಿ ಮುಂದ ಹಚ್ಚು. ಅದು ಆಟ ಆಡೋರ ಯಂತ್ರ, ಅಕ್ಕಾ. ನಮಗ ಬೇಕಾಗಿದ್ದು ಡ್ಯೂಟಿ ಮಾಡೋದು" ಎಂದಳು. ರಿಕ್ಷಾದವನಿಗೆ ಕನ್ನಡ ಬರುತ್ತಿರಲಿಲ್ಲವಾದರೂ ಅವಳ ದನಿ ಕೇಳಿ ಕನ್ನಡಿಯಲ್ಲಿ ನಕ್ಕ.

ಮರುದಿನ ಅವಳು ತನ್ನ ಇಲಾಖೆಯ ಹಳೆಯ ಗೆಳತಿಯೊಬ್ಬಳನ್ನು ವಿಚಾರಿಸಿ ಪೇಟೆಯ ಒಂದು ಓಣಿಯ ವಿಳಾಸ ತಂದಳು. ಕಚೇರಿಗಳು ಹೊಸದು ಕೊಂಡಾಗ ಬಿಟ್ಟುಕೊಡುವ ಕಂಪ್ಯೂಟರುಗಳನ್ನು ಸ್ವಚ್ಛ ಮಾಡಿ, ಕೆಟ್ಟದ್ದನ್ನು ಬದಲಿಸಿ ಮಾರುವ ಅಂಗಡಿ. ನಡೆಸುವವರು ನಮ್ಮ ವಯಸ್ಸಿನ ಮರಾಠಿ ಹೆಂಗಸು. ಕನ್ನಡಕ ತಲೆಯ ಮೇಲೆ, ಸ್ಕ್ರೂಡ್ರೈವರ್ ಕೈಯಲ್ಲಿ. "ಬಸಾ ತಾಈ" ಎಂದು ಎರಡು ಸ್ಟೂಲು ಎಳೆದು ಕೂಡಿಸಿ, ನಾವು ಬಾಯಿ ತೆರೆಯುವ ಮೊದಲೇ ಎಷ್ಟು ಕ್ಯಾಮೆರಾ, ಎಷ್ಟು ದಿನದ್ದು ಉಳಿಯಬೇಕು, ಎಲ್ಲಿ ಇಡುತ್ತೀರಿ ಎಂದು ತಾವೇ ಕೇಳಿದರು. ತಂಗಿ ನನ್ನ ಕಡೆ ನೋಡಿದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ನನ್ನ ನೋಟ್‌ಬುಕ್ಕಿನ ಗಂಟುಗಳನ್ನೆಲ್ಲ ಬಿಡಿಸಿದ್ದು ಆ ಅಂಗಡಿಯಾಕೆಯೇ. ಕ್ಯಾಮೆರಾ ಕಳಿಸಿದ ಚಿತ್ರವನ್ನು ಡಿಸ್ಕಿಗೆ ಹಾಕುವುದು ದೊಡ್ಡ ಕೆಲಸವಲ್ಲ, ಬಂದ ಸಾಮಾನನ್ನು ಕೋಣೆಯಲ್ಲಿ ಇಟ್ಟಂತೆ. ಆ ಚಿತ್ರವನ್ನು ಬಿಚ್ಚಿ, ಇದರಲ್ಲಿ ಏನು ಅಲುಗಾಡಿತು ಎಂದು ನೋಡುವುದೇ ಭಾರ. ಚಿತ್ರ ಬಿಚ್ಚುವುದಕ್ಕೆಂದೇ ಒಳಗೊಂದು ಪ್ರತ್ಯೇಕ ಭಾಗವಿರುವ ಪ್ರೊಸೆಸರ್ ತೆಗೆದುಕೊಂಡರೆ ಅದು ಬೆವರುವುದಿಲ್ಲ. ಜೊತೆಗೆ ಪ್ರತಿ ಕ್ಯಾಮೆರಾ ಒಂದು ದೊಡ್ಡ ಚಿತ್ರ, ಒಂದು ಸಣ್ಣ ಚಿತ್ರ ಎರಡನ್ನೂ ಕಳಿಸಬಲ್ಲದು. ಕಾವಲು ಕಾಯಲು ಸಣ್ಣದು, ಉಳಿಸಿಡಲು ದೊಡ್ಡದು. ಇಷ್ಟು ಸರಳವಾಗಿ ನಾನೂ ಯಾವ ಪಾಠವನ್ನೂ ಹೇಳಿರಲಿಲ್ಲ.

ಎರಡು ಯಂತ್ರಗಳನ್ನು ಮೇಜಿನ ಮೇಲೆ ಇಟ್ಟರು. ಒಂದು ದಪ್ಪ ನಿಘಂಟಿನಷ್ಟೇ ಗಾತ್ರ. ಇನ್ನೊಂದು ಸಪೂರ ಪೆಟ್ಟಿಗೆ, ಸಣ್ಣ ಸೂಟ್‌ಕೇಸಿನಷ್ಟು. ನನಗೆ ನಿಘಂಟು ಮುದ್ದಾಗಿ ಕಂಡಿತು. ತಂಗಿ ಚೀಲದಿಂದ ಕರೆಂಟ್ ಅಳೆಯುವ ಪುಟ್ಟ ಮೀಟರು ತೆಗೆದು ಎರಡನ್ನೂ ಅದಕ್ಕೆ ಸಿಕ್ಕಿಸಿ ನೋಡಿದಳು. ನಿಘಂಟು ಇನ್ನೂ ಕಡಿಮೆ ತಿನ್ನುತ್ತಿತ್ತು.

"ನೋಡು" ಎಂದೆ ನಾನು, ಗೆದ್ದವಳಂತೆ.

"ಆದರ ಕ್ಯಾಮೆರಾ ನೋಡಿದ್ದು ಉಳಿಸಿಡೋ ದೊಡ್ಡ ಡಿಸ್ಕ್ ಇದರ ಹೊಟ್ಟ್ಯಾಗ ಹಿಡಿಯೂದಿಲ್ಲ. ಹೊರಗ ವೈರಿಗೆ ಜೋತಾಡಬೇಕು. ಜೋತಾಡೋ ವೈರು ಒಂದಿನ ಕೈ ಕೊಡ್ತದ, ಅಕ್ಕಾ. ನಾ ಜನ್ಮಪೂರ್ತಿ ನೋಡೀನಿ" ಎಂದಳು. ಅವಳು ದನಿ ಏರಿಸದೆ ಹೇಳಿದ ಮಾತಿಗೆ ನಾನು ಎದುರಾಡುವುದಿಲ್ಲ. ಸೂಟ್‌ಕೇಸೇ ಆಯಿತು.

ಆಮೇಲೆ ಅವಳು ಗುರುವಾರದ ಪ್ರಶ್ನೆ ಕೇಳಿದಳು. ಅಂಗಡಿಯಾಕೆ ಕೀಲಿಮಣೆಯಲ್ಲಿ ಏನೋ ಒತ್ತಿ, ಪರದೆಯ ಮೇಲೆ ಬಂದ ನೀಲಿ ಪುಟದಲ್ಲಿ ಒಂದು ಸಾಲನ್ನು ಬದಲಿಸಿದರು. ನಾವು ಮನೆಯಿಂದ ಬಿಚ್ಚಿ ತಂದಿದ್ದ ಕ್ಯಾಮೆರಾ ಒಂದನ್ನು ಬಾಗಿಲಿನ ಮೇಲೆ ಕಟ್ಟಿ, ಸಾಫ್ಟ್‌ವೇರ್ ಹಾಕಿ, ಪರದೆಯಲ್ಲಿ ಓಣಿ ಕಾಣುವಂತೆ ಮಾಡಿದರು. ನಂತರ ಗೋಡೆಯಿಂದ ಪ್ಲಗ್ಗನ್ನು ಸೆಳೆದೇಬಿಟ್ಟರು. ಪರದೆ ಕಪ್ಪಾಯಿತು. ಅವರು ಹತ್ತರವರೆಗೆ ಮರಾಠಿಯಲ್ಲಿ ಎಣಿಸಿ ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಎರಡೂ ಕೈಗಳನ್ನು ಮೇಲೆತ್ತಿ ನಿಂತರು. ಪೆಟ್ಟಿಗೆ ಒಂದು ಸಲ 'ಬೀಪ್' ಎಂದಿತು. ಸ್ವಲ್ಪ ಹೊತ್ತಿಗೆ ಓಣಿ ಮರಳಿ ಬಂತು. ಕಬ್ಬಿನ ಹಾಲಿನ ಗಾಡಿ, ಸ್ಕೂಟರುಗಳು, ಬಿಸಿಲು ಎಲ್ಲವೂ.

ತಂಗಿ ಚಪ್ಪಾಳೆ ತಟ್ಟಿದಳು. ಅರವತ್ತು ದಾಟಿದ ಹೆಂಗಸು, ನಡು ಪೇಟೆಯಲ್ಲಿ.

"ಇಷ್ಟು ವರ್ಷದಿಂದ ಮಾರುತ್ತಿದ್ದೇನೆ, ಕೊಳ್ಳುವ ಮೊದಲೇ ಇದನ್ನು ಕೇಳಿದವರು ನೀವೇ" ಎಂದರು ಆಕೆ.

ಅಷ್ಟಕ್ಕೇ ತಂಗಿಗೆ ಸಮಾಧಾನವಾಗಲಿಲ್ಲ. ಸಂಜೆ ನಾಲ್ಕರವರೆಗೆ ಓಡಲಿ, ನಾವು ಇಲ್ಲೇ ಕೂತಿರುತ್ತೇವೆ ಎಂದಳು. ನನಗೆ ಮುಜುಗರವಾಯಿತು, ಅಂಗಡಿಯಾಕೆಗೆ ಆಗಲಿಲ್ಲ. ಚಹಾ ತರಿಸಿದರು, ಮಧ್ಯಾಹ್ನ ತಮ್ಮ ಡಬ್ಬಿಯ ಅವಲಕ್ಕಿ ಪೋಹೆಯನ್ನು ಮೂರು ಪಾಲು ಮಾಡಿದರು. ಓಣಿಯ ಜನಕ್ಕೆ ಸುದ್ದಿ ಹಬ್ಬಿತು. ಕಬ್ಬಿನ ಹಾಲಿನವರು ಒಳಗೆ ಇಣುಕಿ, ತಮ್ಮ ಗಾಡಿಯನ್ನು ಪರದೆಯಲ್ಲಿ ಕಂಡು, ಹೋಗಿ ಅದರ ಬೋರ್ಡನ್ನು ನೇರ ಮಾಡಿ ಬಂದರು. ಕರಿಬೇವು ಮಾರುವ ಅಜ್ಜಿ ಕ್ಯಾಮೆರಾದ ಎದುರು ನಿಂತು ತುರುಬು ಸರಿಮಾಡಿಕೊಂಡು, ತಾನು ಹೇಗೆ ಕಂಡೆ ಎಂದು ನೋಡಲು ಒಳಗೆ ಬರುವಷ್ಟರಲ್ಲಿ ಪರದೆಯಿಂದ ಮಾಯವಾಗಿದ್ದಳು. ಹಿಂದಕ್ಕೆ ಸರಿಸಿ ತೋರಿಸಿದಾಗ ಅಜ್ಜಿಗೆ ಆದ ಖುಷಿ ಹೇಳತೀರದು. ನಾಲ್ಕು ಗಂಟೆಗೆ ಇಡೀ ದಿನದ್ದನ್ನು ಓಡಿಸಿ ನೋಡಿದೆವು. ಒಂದು ನಿಮಿಷವೂ ತಪ್ಪಿರಲಿಲ್ಲ. ಕೈಗಾಡಿ ತಳ್ಳಿಕೊಂಡು ಹೋದವರು ಒಂದೊಂದು ಹೆಜ್ಜೆಯನ್ನೂ ಇಟ್ಟೇ ಹೋಗಿದ್ದರು. ಪೆಟ್ಟಿಗೆಯ ಮೇಲೆ ಕೈ ಇಟ್ಟರೆ ಉಗುರುಬೆಚ್ಚಗೂ ಇರಲಿಲ್ಲ.

ಮನೆಗೆ ತಂದ ಮೇಲೆ ತಂಗಿಯದೇ ರಾಜ್ಯಭಾರ. ಕ್ಯಾಮೆರಾಗಳನ್ನು ವೈಫೈಯಿಂದ ಬಿಡಿಸಿ ಕೇಬಲ್ಲಿನಿಂದಲೇ ಜೋಡಿಸುತ್ತೇನೆಂದು ಹಟ ಹಿಡಿದಳು. "ವೈರಿಲ್ಲದ ಬರೋದೆಲ್ಲಾ ಗಾಳಿಮಾತು" ಎಂದು ನಗುತ್ತ, ಟ್ರಂಕಿನಿಂದ ತನ್ನ ಹಳೆಯ ಇಕ್ಕಳ, ಕತ್ತರಿ ತೆಗೆದಳು. ಎರಡು ದಿನ ಏಣಿಯ ಮೇಲೆ ಅವಳು, ಏಣಿ ಹಿಡಿದು ಕೆಳಗೆ ನಾನು. ತುಂಡು ವೈರುಗಳ ಎಂಟೆಂಟು ಬಣ್ಣದ ಎಳೆಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸುವಾಗ ಅವಳು ಒಂದು ಹಾಡನ್ನು ಗುನುಗುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ಹೀಗೆ ಗುನುಗುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವಳು ಬೆಳಗ್ಗೆ ಹೊರಟು ಸಂಜೆ ಬರುವುದನ್ನು ನೋಡಿದ್ದೆ, ನಡುವಿನದನ್ನು ನೋಡಿರಲಿಲ್ಲ. ಏಣಿ ಹಿಡಿದು ನಿಂತ ಆ ಎರಡು ದಿನ ನನಗೆ ಬಹಳ ಸುಖದವು.

ಅಣ್ಣನ ಮಗ ಫೋನಿನಲ್ಲಿ ಸಾಫ್ಟ್‌ವೇರಿನ ಬಗ್ಗೆ ಹೇಳಿಕೊಡಲು ಶುರುಮಾಡಿ ನಡುವೆಯೇ ನಿಲ್ಲಿಸಿದ. "ಸಣ್ಣತ್ತಿ, ನಿಮಗ ನಾ ಹೇಳೋದೇನೂ ಉಳಿದಿಲ್ಲ ಬಿಡ್ರಿ" ಎಂದ.

ಮೊದಲ ಗುರುವಾರ ಹತ್ತಕ್ಕೆ ಕರೆಂಟ್ ಹೋಯಿತು. ಮಧ್ಯಾಹ್ನ ಫ್ಯಾನು ತಿರುಗಿದ ಕೂಡಲೇ ಇಬ್ಬರೂ ಊಟದ ಕೈಯಲ್ಲೇ ಓಡಿದೆವು. 'ಬೀಪ್.' ಅಂಗಳ ಬಂತು, ಗೇಟು ಬಂತು, ಹಿತ್ತಲು, ಮಾಳಿಗೆ. ಆ ಸಂಜೆ ನಾನು ಶಿರಾ ಮಾಡಿದೆ.

ನಳದ ಕಳ್ಳ ಮತ್ತೆ ಬರಲಿಲ್ಲ. ಯಾರೆಂದು ಈವರೆಗೆ ಗೊತ್ತಾಗಿಲ್ಲ, ಈಗ ಅದರ ಚಿಂತೆಯೂ ಇಲ್ಲ. ಆದರೆ ಎದುರು ಮನೆಯ ಕಾಕಾ ಒಂದು ದಿನ ನಮ್ಮ ಪರದೆಯ ಮುಂದೆ ಅರ್ಧ ತಾಸು ಕೂತು ನೋಡಿ, ತಮಗೂ ಇಂಥದೇ ಬೇಕು, ಆರಿಸಿಕೊಡಲು ಬರುತ್ತೀರಾ ಎಂದು ಕೇಳಿದರು. ನನ್ನನ್ನಲ್ಲ, ತಂಗಿಯನ್ನು.

ಮರುದಿನ ಬೆಳಗ್ಗೆ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೀಟರನ್ನು ಚೀಲದಲ್ಲಿ ಹಾಕಿಕೊಂಡು, ಮೊದಲು ಕೆಲಸಕ್ಕೆ ಹೋಗುತ್ತಿದ್ದ ಠೀವಿಯಲ್ಲೇ ಹೊರಟಳು. ನಾನು ಬಾಗಿಲಿಗೆ ಹೋಗಿ ನಿಲ್ಲಲಿಲ್ಲ, ಒಳಗೆ ಪರದೆಯ ಮುಂದೆ ಕೂತೆ. ಗೇಟಿನ ಚಿತ್ರದಲ್ಲಿ ರಿಕ್ಷಾ ನಿಂತಿತ್ತು. ಕಾಕಾ ಒಂದು ಬದಿಗೆ ಸರಿದು ಜಾಗ ಮಾಡಿಕೊಟ್ಟರು. ಅವಳು ಹತ್ತಿ ಕೂತವಳೇ ಕೈ ಆಡಿಸುತ್ತ ಏನನ್ನೋ ವಿವರಿಸಲು ಶುರುಮಾಡಿದಳು, ಕಾಕಾ ತಲೆಯಾಡಿಸುತ್ತಿದ್ದರು. ರಿಕ್ಷಾ ಹೊರಟುಹೋದ ಮೇಲೆ ನಾನು ಅಷ್ಟನ್ನು ಹಿಂದಕ್ಕೆ ಸರಿಸಿ, ಇನ್ನೊಂದು ಸಲ ನೋಡಿದೆ.