ರಕ್ತದೊತ್ತಡ ಸರಿಯಿದ್ದ ಮಧ್ಯಾಹ್ನ

ದೇಹದ ರಚನೆಯನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ಔಷಧಗಳ ಹೆಸರು, ಪ್ರಮಾಣಗಳನ್ನು ಬಾಯಿಪಾಠ ಮಾಡಿಸುವವರಿಗೂ ಬರವಿಲ್ಲ. ಆದರೆ ಆರೋಗ್ಯವಾಗಿದ್ದ ದೇಹ ಯಾವ ದಾರಿ ಹಿಡಿದು ರೋಗದ ಮನೆ ಸೇರುತ್ತದೆ, ಸೇರುವ ಮೊದಲು ಯಾವ ತಿರುವಿನಲ್ಲಿ ಅದನ್ನು ತಡೆದು ನಿಲ್ಲಿಸಬಹುದು ಎಂಬುದನ್ನು ಶುಶ್ರೂಷಾ ವಿದ್ಯಾರ್ಥಿನಿಯರ ತಲೆಗೆ ಹತ್ತುವಂತೆ ಹೇಳಬಲ್ಲವರು ಅಪರೂಪ. ರೋಗಶರೀರಕ್ರಿಯಾಶಾಸ್ತ್ರವೆಂಬ, ಹೆಸರು ಹೇಳುವಷ್ಟರಲ್ಲೇ ಉಸಿರು ಕಟ್ಟುವ ವಿಷಯವನ್ನು ಸೇವಾವಧಿಯುದ್ದಕ್ಕೂ ಕಲಿಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರು ಅಂಥ ಅಪರೂಪದವರು. ವಿದ್ಯಾರ್ಥಿನಿಯರು ಬೆನ್ನ ಹಿಂದೆ ಅವರನ್ನು ಕರೆಯುವುದು ‘ಯಾಕಮ್ಮ ಮೇಡಂ’ ಎಂದು. ರೋಗಿಗೆ ಕಾಲು ಊದಿದೆ ಎಂದರೆ ‘ಯಾಕಮ್ಮ?’ ಎನ್ನುವರು, ಹೃದಯ ಸೋತಿದೆ ಎಂದರೆ ಮತ್ತೆ ‘ಯಾಕಮ್ಮ?’ ಎನ್ನುವರು. ಉತ್ತರ ಮುಗಿದರೂ ಅವರ ಪ್ರಶ್ನೆ ಮುಗಿಯುತ್ತಿರಲಿಲ್ಲ.

ವಾರ್ಡಿನಲ್ಲಿ ದಾದಿಯಾಗಿ ಸೇವೆ ಆರಂಭಿಸಿ, ಆಮೇಲೆ ಓದಿ, ಬೋಧನೆಗೆ ಬಂದ ಅವರು ಪಾಠವನ್ನು ಹಲಗೆಯ ಮೇಲಷ್ಟೇ ಮಾಡಿದವರಲ್ಲ. ರಕ್ತ ನಷ್ಟವಾದಾಗ ದೇಹ ಏನು ಮಾಡುತ್ತದೆಂಬ ಪಾಠಕ್ಕೆ ತರಗತಿಯನ್ನೇ ಕಾಲೇಜಿನ ಹಿತ್ತಲಿಗೆ ಕರೆದೊಯ್ದು, ಗಿಡಕ್ಕೆ ನೀರು ಬಿಡುವ ಪೈಪನ್ನು ಒಬ್ಬಳ ಕೈಗೆ ಕೊಟ್ಟು, ನಲ್ಲಿಯನ್ನು ತಾವೇ ಕಮ್ಮಿ ಮಾಡುತ್ತಿದ್ದರು. “ಈಗ ಬಾಯಿ ಒತ್ತಿ ಹಿಡಿ. ನೋಡು, ನೀರು ಕಮ್ಮಿಯಾದ್ರೂ ರಭಸ ಹಾಗೇ ಇದೆ. ದೇಹನೂ ಹೀಗೇ ನಾಳಗಳನ್ನ ಬಿಗಿ ಹಿಡಿದು ನಮ್ಮ ಕಣ್ಣಿಗೆ ಮಣ್ಣೆರಚುತ್ತೆ. ಬೆರಳು ಸೋತ ಕ್ಷಣ ಎಲ್ಲಾ ಬಿದ್ದುಹೋಗುತ್ತೆ,” ಎನ್ನುವರು. ರಕ್ತದೊತ್ತಡ ನೋಡಲು ಕಲಿಯುವ ಪ್ರತಿಯೊಬ್ಬಳೂ ಮೊದಲು ಪಟ್ಟಿ ಕಟ್ಟುತ್ತಿದ್ದದ್ದು ಅವರ ತೋಳಿಗೇ. ಮಾತ್ರೆ ನುಂಗಿದರೂ ಅವರ ಒತ್ತಡ ಸದಾ ತುಸು ಮೇಲೆಯೇ. “ನಿಮ್ಮಂಥೋರನ್ನ ಕಟ್ಕೊಂಡ್ರೆ ಇನ್ನೆಲ್ಲಿ ಇಳಿಯುತ್ತೆ?” ಎಂದು ಗದರಿ, ಇನ್ನೊಬ್ಬಳಿಗೆ ಮತ್ತೆ ತೋಳು ಚಾಚುವರು.

ಹಾಗೆ ಕಲಿತವರಲ್ಲಿ ಒಬ್ಬಳನ್ನು ಅವರು ‘ಪುಕ್ಕಲಿ’ ಎಂದು ಕರೆಯುತ್ತಿದ್ದರು. ಈ ಹೆಸರನ್ನು ಅಚ್ಚು ಮಾಡಲು ಆಕೆಯೇ ಒಪ್ಪಿದ್ದಾಳೆ, ನಗುತ್ತ. ಹೊಲಿಗೆ ಕೆಲಸದ ತಾಯಿಯ ಒಬ್ಬಳೇ ಮಗಳು. ಉತ್ತರ ಗೊತ್ತಿದ್ದರೂ ಬಾಯಿಬಿಡದವಳು. ಮೇಡಂ ವಿಷಯದಲ್ಲೇ ನಪಾಸಾಗಿ ಪೆಟ್ಟಿಗೆ ಕಟ್ಟಿ ಊರಿಗೆ ಹೊರಟಿದ್ದವಳನ್ನು ಅವರು ಹಾಸ್ಟೆಲಿನ ಗೇಟಿನಿಂದ ವಾಪಸು ಕರೆತಂದರು. ಮರುಪರೀಕ್ಷೆಯವರೆಗೆ ಸಂಜೆ ಸಂಜೆ ಎದುರು ಕೂರಿಸಿಕೊಂಡು, ತಮ್ಮ ಡಬ್ಬಿಯ ಊಟ ಹಂಚಿ ತಿನ್ನಿಸಿ, ಪಾಠ ಹೇಳಿದರು. ಬೈಯುವುದರಲ್ಲಿ ಮೇಡಂ ಎಂದೂ ಜಿಪುಣರಲ್ಲ. ಆದರೆ ‘ನಿನ್ನ ಕೈಲಾಗದು’ ಎಂಬ ಮಾತೊಂದನ್ನು ಆ ಬಾಯಿಂದ ಯಾರೂ ಕೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಪಿತ್ತಕೋಶದ ಕಲ್ಲಿಗಾಗಿ ಮೇಡಂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಆ ವಾರ್ಡಿನಲ್ಲಿ ದಾದಿಯಾಗಿ ಪಾಳಿಯಲ್ಲಿದ್ದವಳು ಇದೇ ಪುಕ್ಕಲಿ. ಆಸ್ಪತ್ರೆಯ ಅರ್ಧ ಸಿಬ್ಬಂದಿ ಮೇಡಂ ಶಿಷ್ಯರೇ. ಹಾಗಾಗಿ ಅಲ್ಲಿ ಒಂದು ವಿಚಿತ್ರ ನಡೆದಿತ್ತು: ರೋಗಿ ಹೇಗಿದ್ದಾರೆಂದು ಎಲ್ಲರೂ ರೋಗಿಯನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೆದುಕೊಂಡು ಹೋಗುತ್ತಿದ್ದರು. ಮೇಡಂ ಹೇಳಿದ ಮೇಲೆ ಮುಗಿಯಿತು ಎಂಬ ಭಾವ ಎಲ್ಲರಿಗೂ. ಪಕ್ಕದಲ್ಲಿ ಕೂತಿದ್ದ ಅವರ ತಂಗಿಗೂ ಅದೇ ಧೈರ್ಯ.

ಮಧ್ಯಾಹ್ನ ಪುಕ್ಕಲಿ ಬಂದಾಗ ಮೇಡಂ ಮಗ್ಗುಲು ಬದಲಿಸುತ್ತಿದ್ದರು, ಹೊದಿಕೆ ಒದೆಯುತ್ತಿದ್ದರು, ನೀರು ಕೇಳುತ್ತಿದ್ದರು. ಕೈ ಮುಟ್ಟಿದಳು, ತಣ್ಣಗಿತ್ತು, ಅಂಗೈ ಬೆವೆತಿತ್ತು. ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲ ಹೆಚ್ಚುಕಡಿಮೆ ಖಾಲಿ. ಪಟ್ಟಿ ಕಟ್ಟಿ ನೋಡಿದರೆ ಒತ್ತಡ ಪುಸ್ತಕದಲ್ಲಿ ಬರೆದಂತೆ ಸರಿಯಾಗಿತ್ತು. ಮತ್ತೊಮ್ಮೆ ಕಟ್ಟಿ ನೋಡಿದಳು, ಅಷ್ಟೇ ಇತ್ತು. ಆ ತೋಳಿಗೆ ಅವಳು ಎಷ್ಟು ಸಲ ಪಟ್ಟಿ ಕಟ್ಟಿದ್ದಳೋ! ಅಲ್ಲಿ ಒತ್ತಡ ಸರಿಯಿದ್ದದ್ದನ್ನು ಒಮ್ಮೆಯೂ ಕಂಡವಳಲ್ಲ.

ಕಿರಿಯ ವೈದ್ಯರು ಬಂದು ನೋಡಿದರು. ಒಳ್ಳೆಯ ಹುಡುಗ, ಉದಾಸೀನದವನಲ್ಲ. “ಬಿಪಿ ನಾರ್ಮಲ್ ಇದೆಯಲ್ಲ ಸಿಸ್ಟರ್? ನಾಡಿನೂ ಅಷ್ಟೇನೂ ಓಡ್ತಿಲ್ಲ.”

“ಮೇಡಂ ತಗೊಳ್ಳೋ ಬಿಪಿ ಮಾತ್ರೆನೇ ನಾಡಿನ ಓಡೋಕೆ ಬಿಡಲ್ಲ ಸರ್. ಬಿಪಿ ನಾರ್ಮಲ್ ಇರೋದೇ ನನಗೆ ಭಯ. ಮೇಡಂಗೆ ಯಾವಾಗ್ಲೂ ಜಾಸ್ತಿನೇ ಇರೋದು. ಒಳಗೆ ಎಲ್ಲೋ ರಕ್ತ ಹೋಗ್ತಿದೆ ಅನ್ಸುತ್ತೆ.”

ವೈದ್ಯರು ಅಭ್ಯಾಸಬಲದಿಂದ ಹಾಸಿಗೆಯತ್ತ ತಿರುಗಿದರು. “ಮೇಡಂ, ನೀವೇನಂತೀರಿ?”

“ಏನೂ ಇಲ್ಲ. ಆಪರೇಷನ್ ಆದ್ಮೇಲೆ ಹೀಗೇ ಇರುತ್ತೆ. ಇವಳಿಗೆ ಗಾಬರಿ ಜಾಸ್ತಿ,” ಎಂದರು ಮೇಡಂ. ಆಮೇಲೆ ಪುಕ್ಕಲಿಯನ್ನೇ ದಿಟ್ಟಿಸಿ, ಎಲ್ಲರಿಗೂ ಕೇಳುವಂತೆ ಅಂದರು: “ನಿನ್ನನ್ನ ಪಾಸ್ ಮಾಡಿದ್ದೇ ನಾನು ಮಾಡಿದ ದೊಡ್ಡ ತಪ್ಪು.”

ಪುಕ್ಕಲಿಯ ಕಣ್ಣು ತುಂಬಿತು. ಕಾಲು ತಾನಾಗಿಯೇ ಬಾಗಿಲ ಕಡೆಗೆ ಸರಿಯಿತು. ತಾನು ಹೋದರೆ ಇನ್ನು ಯಾರೂ ಈ ಮಾತೆತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಿಂತು ಹೇಳೋಣವೆಂದರೆ ಹೇಳಬೇಕಾದದ್ದು ಇವರ ಮುಂದೆ, ಈ ಸಂಗತಿಯನ್ನು ತನಗೆ ಕಲಿಸಿದವರ ಮುಂದೆ. ತನ್ನ ಅನುಮಾನವೇ ತಪ್ಪಾಗಿದ್ದರೆ?

ತಂಗಿ ಎದ್ದು ಬಂದು ಅವಳ ಬೆನ್ನು ಸವರಿದರು. “ಬೇಜಾರು ಮಾಡ್ಕೋಬೇಡಮ್ಮ. ಅಕ್ಕ ಬೈತಾಳೆ ನಿಜ, ಆದ್ರೆ ಹೀಗೆ ಚುಚ್ಚೋಳಲ್ಲ. ಇವತ್ತೇನಾಯ್ತೋ ಕಾಣೆ.”

ಆ ಸಮಾಧಾನದ ಮಾತು ಪುಕ್ಕಲಿಗೆ ಸಮಾಧಾನ ತರಲಿಲ್ಲ, ಎಚ್ಚರಿಸಿತು. ಚುಚ್ಚದವರು ಚುಚ್ಚಿದ್ದಾರೆ. ಹಾಗಾದರೆ ಈಗ ಮಾತಾಡಿದ್ದು ಮೇಡಂ ಅಲ್ಲ. ರಕ್ತ ಸಾಲದೆ ಒದ್ದಾಡುತ್ತಿರುವ ಮೆದುಳು. ಅವಳು ಕಣ್ಣೊರೆಸಿಕೊಂಡು ನೇರ ಮೇಜಿನ ಬಳಿ ಹೋಗಿ, ಶಸ್ತ್ರಚಿಕಿತ್ಸೆ ಮಾಡಿದ ಹಿರಿಯ ವೈದ್ಯರಿಗೇ ಫೋನು ಹಚ್ಚಿದಳು.

“ಫೋನ್ ಇಡು!” ಮೇಡಂ ಕೂಗಿದರು. “ಇಡು ಅಂದ್ನಲ್ಲ!”

ಇಡಲಿಲ್ಲ. ಎಂದೂ ದನಿಯೆತ್ತದವಳು ಅಂದು ವಾರ್ಡಿಗೆಲ್ಲ ಕೇಳುವಂತೆ ಮಾತಾಡಿದಳು: ಕೈ ತಣ್ಣಗಿದೆ, ಮೂತ್ರವಿಲ್ಲ, ಚಡಪಡಿಕೆಯಿದೆ, ಮಾತು ಅವರದ್ದಲ್ಲ, ನೀವು ಈಗಲೇ ಬರಬೇಕು. ಕಿರಿಯ ವೈದ್ಯರೂ ಅಷ್ಟರಲ್ಲಿ ಇನ್ನೊಂದು ಸೂಜಿ ಚುಚ್ಚಿ ದ್ರವ ಏರಿಸತೊಡಗಿದ್ದರು, ರಕ್ತಕ್ಕೆ ಹೇಳಿ ಕಳಿಸಿದ್ದರು. ಹಿರಿಯರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೇಡಂ ಬೈಗುಳ ನಿಂತಿತ್ತು. ಆ ಮೌನ ಬೈಗುಳಕ್ಕಿಂತ ಭಯಂಕರವಾಗಿತ್ತು. ಒತ್ತಡ ಒಮ್ಮೆಗೇ ಕುಸಿಯಿತು. ಗಾಲಿಮಂಚವನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಳ್ಳುವಾಗ ಒಂದು ಬದಿಯನ್ನು ಹಿಡಿದು ಓಡಿದವಳು ಪುಕ್ಕಲಿಯೇ. ಬಾಗಿಲು ಮುಚ್ಚಿದ ಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತವಳೂ ಅವಳೇ. ಒಳಗೆ ಕಟ್ಟು ಜಾರಿ ರಕ್ತ ಸೋರುತ್ತಿದ್ದ ಒಂದು ನಾಳವನ್ನು ಹುಡುಕಿ ಕಟ್ಟಿದರು. ಇನ್ನು ತುಸು ತಡವಾಗಿದ್ದರೆ ಈ ಅಭಿನಂದನ ಸಂಪುಟ ಸಂಸ್ಮರಣ ಸಂಪುಟವಾಗಿರುತ್ತಿತ್ತು.

ಚೇತರಿಸಿಕೊಂಡ ಮೇಲೆ ಮೇಡಂ ಅವಳನ್ನು ಹತ್ತಿರ ಕರೆದರು. “ಆವತ್ತು ನಿನಗೇನಾದ್ರೂ ಅಂದ್ನಾ?”

“ಏನೂ ಅನ್ನಲಿಲ್ಲ ಮೇಡಂ.”

“ಸುಳ್ಳು. ಆ ಸ್ಥಿತಿಯಲ್ಲಿರೋ ರೋಗಿ ಸುಮ್ನಿರಲ್ಲ. ಏನಂದೆ ಹೇಳು.”

ಹೇಳಿದಳು. ಮೇಡಂ ಅತ್ತದ್ದನ್ನು ಕಂಡವರು ಪುಕ್ಕಲಿ ಮತ್ತು ತಂಗಿ, ಇಬ್ಬರೇ. ಆಮೇಲೆ ಅವಳ ಕೈಯನ್ನು ತಮ್ಮೆರಡೂ ಕೈಗಳಲ್ಲಿ ಹಿಡಿದು, “ಕ್ಷಮಿಸು ಅಂತ ಕೇಳಿದ್ರೆ ನೀನು ‘ಪರವಾಗಿಲ್ಲ’ ಅಂತೀಯ, ಅಲ್ಲಿಗೆ ಮುಗಿದುಹೋಗುತ್ತೆ. ಹಾಗಾಗೋದು ಬೇಡ. ತರಗತಿಗೆ ಬಾ,” ಎಂದರು.

ಅದರಂತೆ ಆ ವರ್ಷದಿಂದ ರಕ್ತನಷ್ಟದ ಪಾಠವನ್ನು ಮೇಡಂ ಅರ್ಧ ಮಾತ್ರ ಮಾಡುತ್ತ ಬಂದರು. ಉಳಿದರ್ಧಕ್ಕೆ ಪುಕ್ಕಲಿ ಬಂದು ನಿಂತು, ತುಂಬಿದ ತರಗತಿಯ ಎದುರು ಆ ವಾಕ್ಯವನ್ನು ಅಕ್ಷರ ಬಿಡದೆ ಹೇಳುವಳು. ಪಕ್ಕದಲ್ಲಿ ಮೇಡಂ ತಲೆ ತಗ್ಗಿಸದೆ ನಿಂತು ಕೇಳುವರು. “ನನ್ನ ರೋಗದ ಒಂದು ಲಕ್ಷಣ ಇದು. ಅದು ಇವಳಿಗೆ ನೋವು ಕೊಡ್ತು. ನೋವಾದ್ರೂ ಇವಳು ಲಕ್ಷಣ ಅಂತಲೇ ಓದಿದ್ಲು,” ಎನ್ನುವರು. ಗುರುವಿನ ಮಾತನ್ನು ಗುರು ಕಲಿಸಿದ್ದರಿಂದಲೇ ಮೀರಿದ ಶಿಷ್ಯೆ, ಅದನ್ನು ಲೋಕದೆದುರು ಒಪ್ಪಿದ ಗುರು. ನಮ್ಮ ಸಂಸ್ಥೆಗೆ ಇದಕ್ಕಿಂತ ದೊಡ್ಡ ಸಂಪಾದನೆಯಿಲ್ಲವೆಂದು ನಾವು ಸಹೋದ್ಯೋಗಿಗಳು ನಂಬಿದ್ದೇವೆ.

ಮುಂದಿನ ವರ್ಷದಿಂದ ಆ ಪಾಠ ಪೂರ್ತಿಯಾಗಿ ಪುಕ್ಕಲಿಯದೇ; ಮೇಡಂ ಅತಿಥಿಯಾಗಿ ಬಂದು ಹಿಂದೆ ಕೂರಲು ಒಪ್ಪಿದ್ದಾರೆ, ಸುಮ್ಮನೆ ಕೂರುವ ಭರವಸೆಯನ್ನು ಮಾತ್ರ ಕೊಟ್ಟಿಲ್ಲ. ಅವರು ನೂರ್ಕಾಲ ಬಾಳಲಿ, ಬರೆಯಲಿ, ಕಲಿಸಲಿ, ನಮ್ಮನ್ನು ಬಾಯ್ತುಂಬ ಬೈಯುತ್ತಿರಲಿ. ಬೈಯುವಾಗ ಅವರ ಕೈಗಳು ಬೆಚ್ಚಗಿರಲಿ.